ಓಲೆ ಹೊತ್ತವರ ಚರಿತ್ರೆ

ದೊರೆಗಳು ಬರೆಸಿದ ಓಲೆ, ಸನ್ನದು, ನಿರೂಪಗಳು ಪತ್ರಾಗಾರಗಳಲ್ಲಿ ಭದ್ರವಾಗಿವೆ. ಯಾರು ಬರೆಸಿದರು, ಯಾರಿಗೆ ಬರೆಸಿದರು, ಯಾವ ಮುದ್ರೆ ಒತ್ತಿದರು ಅನ್ನೋದನ್ನು ಶಾಲೆಯಲ್ಲಿ ನಮಗೆ ಉರು ಹೊಡೆಸಿದ್ದಾರೆ. ಅದನ್ನು ಹೊತ್ತು ಓಡಿದವನು ಯಾರು? ಅವನ ಹಟ್ಟಿ ಯಾವುದು? ಮುಪ್ಪಿನಲ್ಲಿ ಅವನಿಗೆ ಅನ್ನ ಹಾಕಿದವರು ಯಾರು? ಈ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿಲ್ಲ. ನಾವೇ ಕೇಳಿಕೊಳ್ಳುತ್ತಿದ್ದೇವೆ. ಕೇಳಲು ಕಲಿಸಿದವರು ರಾಜಾಜಿನಗರದ ಹಿಂಬದಿಯ ನಮ್ಮ ಕೇರಿಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಅವರ ಹೆಸರು ಇಲ್ಲಿ ಬೇಡ. ಬೀದಿಗೆಲ್ಲ ಅವರು ‘ಅಂಚೆಯಪ್ಪ’. ಅವರು ತೀರಿಕೊಂಡಾಗ ಯಾವ ಪೇಪರಿನಲ್ಲೂ ಸುದ್ದಿ ಬರಲಿಲ್ಲ.

ಅಂಚೆ ಅನ್ನೋ ಮಾತಿಗೆ ಕನ್ನಡದಲ್ಲಿ ಹಂಸ ಎಂಬ ಅರ್ಥವೂ ಉಂಟು. ನಳನ ಮಾತನ್ನು ದಮಯಂತಿಗೆ ಒಯ್ದದ್ದು ಹಂಸವೇ. ಆದರೆ ಮೈಸೂರು ಸೀಮೆಯ ಅಂಚೆ ಪ್ರೇಮಕ್ಕಾಗಿ ಹುಟ್ಟಿದ್ದಲ್ಲ. ಅದನ್ನು ಕಟ್ಟಿದ್ದು ಹದಿನೇಳನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಒಂದು ಮಾತು ಹೇಳಿದ್ದಾನೆ: ಆ ಅಂಚೆಯ ಅಧಿಕಾರಿಗಳು ಹೊರಗೆ ನೋಡಲು ಟಪಾಲಿನವರು, ಒಳಗೆ ಅರಮನೆಯ ಗೂಢಚಾರರು. ಊರೂರಿನ ಗುಟ್ಟನ್ನು ದೊರೆಗೆ ಮುಟ್ಟಿಸುವುದು ಅವರ ಕೆಲಸ. ಅದೇ ದೊರೆಯ ಕಾಲದಲ್ಲಿ ರೈತರು ಕಂದಾಯದ ವಿರುದ್ಧ ದಂಗೆ ಎದ್ದದ್ದನ್ನೂ, ಆ ದಂಗೆಯನ್ನು ರಕ್ತದಲ್ಲಿ ಅದ್ದಿ ಅಡಗಿಸಿದ್ದನ್ನೂ ವಿಲ್ಕ್ಸನೇ ಬರೆದಿದ್ದಾನೆ. ಅಂದರೆ ಅಂಚೆಗೆ ಮೊದಲಿಂದಲೂ ಕುತೂಹಲ ಇತ್ತು. ಅದು ಅರಮನೆಯ ಕುತೂಹಲ. ಜನ ಏನು ಮಾತಾಡುತ್ತಾರೆ, ಯಾರು ತಲೆ ಎತ್ತುತ್ತಾರೆ ಅಂತ ತಿಳಿಯುವ ಕುತೂಹಲ.

ಬ್ರಿಟಿಷರ ಕಾಲಕ್ಕೆ 1879ರಲ್ಲಿ ಕಾಲಾಣೆಯ ಪೋಸ್ಟ್‌ಕಾರ್ಡು ಬಂತು. ಮರುವರ್ಷ ಮನಿಯಾರ್ಡರ್ ಬಂತು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಗೆಜ್ಜೆ ಕಟ್ಟಿದ ಈಟಿ ಹಿಡಿದು ಕಾಡುಮೇಡು ಓಡುತ್ತಿದ್ದ ಹರಕಾರರ ಚೀಲ ನಿಧಾನಕ್ಕೆ ರೈಲು ಹತ್ತಿತು. ಕಾರ್ಡು ಅಗ್ಗವಾಯಿತು, ಅಕ್ಷರ ಅಗ್ಗವಾಗಲಿಲ್ಲ. ಅಕ್ಷರ ಅಗ್ರಹಾರದಲ್ಲೇ ಉಳಿದದ್ದರಿಂದ ಕೇರಿಗೆ ಬಂದ ಕಾಗದವನ್ನು ಓದಿಸಲು ನಮ್ಮ ಅಜ್ಜಂದಿರು ಊರೊಳಗೆ ಹೋಗಿ ಜಗುಲಿಯ ಕೆಳಗೆ ನಿಲ್ಲಬೇಕಾಯಿತು. ಮಗ ಸತ್ತ ಸುದ್ದಿಯನ್ನೂ ಇನ್ನೊಬ್ಬರ ಬಾಯಿಂದ, ಅವರಿಗೆ ಪುರುಸೊತ್ತಾದಾಗ ಕೇಳಬೇಕಾಯಿತು.

ಒಂದು ಕಾಗದ ತಲುಪದಿದ್ದರೆ ಏನಾಗುತ್ತದೆ? 1901ರಲ್ಲಿ ಸತಾರಾದಿಂದ ತಂದೆ ಇದ್ದ ಊರಿಗೆ ರೈಲಿನಲ್ಲಿ ಹೊರಟ ಹುಡುಗ ಭೀಮರಾವ್ ಮತ್ತು ಜೊತೆಯ ಮಕ್ಕಳ ಕಥೆ ನಮ್ಮ ಓದುಗರಿಗೆ ಗೊತ್ತೇ ಇದೆ. ಬರುತ್ತೇವೆ ಅಂತ ಮೊದಲೇ ಕಾಗದ ಹಾಕಿದ್ದರು. ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಇಲ್ಲ. ಮಹಾರ್ ಮಕ್ಕಳು ಅಂತ ಗೊತ್ತಾದದ್ದೇ ತಡ, ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು, ರಾತ್ರಿಯಿಡೀ ಕುಡಿಯಲು ನೀರು ಸಿಗದೆ ಆ ಮಕ್ಕಳು ಒದ್ದಾಡಿದರು. ಆಮೇಲೆ ತಿಳಿದದ್ದೇನು? ಕಾಗದ ಬಂದಿತ್ತು, ಅದನ್ನು ಇಸಕೊಂಡ ಆಳು ತಂದೆಯ ಕೈಗೆ ಕೊಡಲಿಲ್ಲ. ಅಂಬೇಡ್ಕರ್ ಇದನ್ನು ತಾವೇ ಬರೆದಿಟ್ಟಿದ್ದಾರೆ. ಅಂಚೆಯಪ್ಪನಿಗೆ ನಾವು ಇದನ್ನು ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಕೈಗೇ ಕೊಡಬೇಕು ಕಣ್ರಲಾ. ಬಾಗಿಲಿಗೆ ಸಿಗಿಸಿ ಬರೋದು ಟಪಾಲಲ್ಲ” ಅಂದರು.

ಅವರು ಕೆಲಸಕ್ಕೆ ಸೇರಿದ್ದು ಪಿನ್‌ಕೋಡ್ ಇಲ್ಲದ ಕಾಲದಲ್ಲಿ. ಪಿನ್ ಬಂದದ್ದು 1972ರ ಆಗಸ್ಟ್ 15ಕ್ಕೆ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರ ಬ್ಲಾಕು ಬ್ಲಾಕಾಗಿ ಬೆಳೆಯುತ್ತಿತ್ತು. ಆಮೇಲೆ ವಿಜಯನಗರ, ಬಸವೇಶ್ವರನಗರ. ಬಡಾವಣೆ ಬೆಳೆದಂತೆ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಅದರ ಹೊಟ್ಟೆಯೊಳಗೆ ಹೋದವು. ಹೊಲ ಹೋಯಿತು, ಕೆರೆ ಹೋಯಿತು, ಕೇರಿ ಮಾತ್ರ ಉಳಿಯಿತು. ಬಿನ್ನಿ ಮಿಲ್ಲು, ಕೈಗಾರಿಕಾ ವಸಾಹತು, ಕಟ್ಟಡ ಕೆಲಸ ನಂಬಿ ತಮಿಳರು, ತೆಲುಗರು, ಮಾಗಡಿ-ಕುಣಿಗಲ್ ಕಡೆಯ ನಮ್ಮವರು ಬಂದು ಗುಡಿಸಲು ಹಾಕಿದರು. ಬ್ಲಾಕಿನ ಮನೆಗಳಿಗೆ ನಂಬರು, ಮುಖ್ಯರಸ್ತೆ, ಅಡ್ಡರಸ್ತೆ. ನಮ್ಮ ವಿಳಾಸ ‘ಮಾರಮ್ಮನ ಗುಡಿ ಹಿಂದೆ, ನಲ್ಲಿ ಪಕ್ಕ’. ಇಂಥ ಕಾಗದಕ್ಕೆ ‘ವಿಳಾಸ ಸರಿಯಿಲ್ಲ’ ಅಂತ ಗೀಚಿ ವಾಪಸ್ ಕಳಿಸುವುದು ಸುಲಭ. ಅಂಚೆಯಪ್ಪ ಹಾಗೆ ಮಾಡಲಿಲ್ಲ. ಗುಡಿಸಲು ಗುಡಿಸಲು ವಿಚಾರಿಸಿ ಒಂದು ಹಳೇ ಡೈರಿಯಲ್ಲಿ ಬರೆದುಕೊಂಡರು: ಯಾರು, ಯಾವ ಊರಿನವರು, ಏನು ಕೆಲಸ, ಮಗ ಎಲ್ಲಿದ್ದಾನೆ, ಮಗಳನ್ನು ಎಲ್ಲಿಗೆ ಕೊಟ್ಟಿದೆ. ದೊರೆಯ ಅಂಚೆಯವರು ಕೇಳುತ್ತಿದ್ದದ್ದೂ ಇಂಥವೇ ಪ್ರಶ್ನೆ. ಆದರೆ ಇವರು ಕೇಳಿದ್ದು ಕಾಗದ ತಲುಪಲಿ ಅಂತ. ಇಡೀ ಕೇರಿಗೆ ಆ ಡೈರಿ ಒಂದೇ ಜನಗಣತಿ.

ಅವರ ಕುತೂಹಲಕ್ಕೆ ಎಲ್ಲೆ ಇರಲಿಲ್ಲ. ವಿಳಾಸ ಓದೀ ಓದೀ ತಮಿಳು, ತೆಲುಗು ಅಕ್ಷರ ಕಲಿತರು. ಉರ್ದು ವಿಳಾಸ ಬಂದರೆ ಮಾಗಡಿ ರಸ್ತೆಯ ಸಾಬರ ಟೈಲರ್ ಅಂಗಡಿಯಲ್ಲಿ ಕೂತು ಬಿಡಿಸಿಕೊಳ್ಳುತ್ತಿದ್ದರು. ಬುಕ್‌ಪೋಸ್ಟಿನ ಕವರು ಅಂಟಿಸಿರಬಾರದು ಅಂತ ಆಗ ನಿಯಮ ಇತ್ತು. ಎಪ್ಪತ್ತರ ದಶಕದಲ್ಲಿ ‘ಶೂದ್ರ’, ‘ಪಂಚಮ’ದಂಥ ಪತ್ರಿಕೆಗಳು ಹಾಗೇ ಬರುತ್ತಿದ್ದವು. ಮರದ ಕೆಳಗೆ ಬೀಡಿ ಹಚ್ಚಿ ಕೂತಾಗ ನಾಲ್ಕು ಪುಟ ತಿರುವಿ ಹಾಕಿ, ಚಂದಾದಾರರಿಗೆ ಕೊಡುವಾಗ, “ಈ ಸಲ ಕವಿತೆ ಸಪ್ಪೆ, ಲೇಖನ ಪರವಾಗಿಲ್ಲ” ಅಂತಿದ್ದರಂತೆ. ನಮ್ಮ ಸಾಹಿತ್ಯದ ಮೊದಲ ವಿಮರ್ಶಕರು ವಿಶ್ವವಿದ್ಯಾಲಯದಲ್ಲೇ ಇದ್ದರು ಅಂತ ಯಾರು ಹೇಳಿದ್ದು?

ಕೈ ಬಿಚ್ಚಿದ ಮನುಷ್ಯ. ಸ್ಟಾಂಪಿಲ್ಲದ ಬೇರಿಂಗ್ ಕಾಗದಕ್ಕೆ ಪಡೆಯುವವರೇ ದುಪ್ಪಟ್ಟು ತೆರಬೇಕಿತ್ತು. ಮಿಲ್ಲಿಗೆ ಬೀಗ ಬಿದ್ದ ದಿನಗಳಲ್ಲಿ ಹೆಂಗಸರು ಕಾಗದ ಬೇಡ ಅಂದುಬಿಡುತ್ತಿದ್ದರು. ಅಂಚೆಯಪ್ಪ ತಮ್ಮ ಜೇಬಿನಿಂದ ಕಟ್ಟಿ, ಕಾಗದ ಓದಿಯೂ ಹೇಳಿ ಹೋಗುತ್ತಿದ್ದರು. ಮುದುಕಿಯರ ಪಿಂಚಣಿಯಲ್ಲಿ ಚಿಲ್ಲರೆ ಮುರಿದುಕೊಳ್ಳುವವರು ಇದ್ದ ಕಾಲದಲ್ಲಿ ಇವರು ಪೂರ್ತಿ ಎಣಿಸಿ ಕೈಗಿಡುತ್ತಿದ್ದರು. ಮನಿಯಾರ್ಡರ್ ಫಾರಮ್ಮಿಗೆ ಹೆಬ್ಬೆಟ್ಟು ಒತ್ತಿದರೆ ಸಾಕ್ಷಿ ಬೇಕಿತ್ತು. ಸಾಕ್ಷಿ ಹುಡುಕಿ ಹುಡುಕಿ ಬೇಸತ್ತು, “ಅವ್ವಾ, ಮುಂದಿನ ತಿಂಗಳಿಗೆ ನಿನ್ನ ಹೆಸರು ನೀನೇ ಬರಿ” ಅಂತ ಹಲಗೆಯ ಮೇಲೆ ತಿದ್ದಿಸಿದರು. ನಮ್ಮ ಅಜ್ಜಿಯರಲ್ಲಿ ಕೆಲವರು ಸಹಿ ಕಲಿತದ್ದು ಹೀಗೆ. ಅಕ್ಷರಕ್ರಾಂತಿಯ ವರದಿಗಳಲ್ಲಿ ಇದರ ಲೆಕ್ಕ ಸೇರಿಲ್ಲ.

ಆದರೆ ಖಾಕಿ ತೊಟ್ಟ ಮಾತ್ರಕ್ಕೆ ಜಾತಿ ಕಳಚಿ ಬೀಳಲಿಲ್ಲ. ಕೆಲವು ಬ್ಲಾಕಿನ ಮನೆಗಳಲ್ಲಿ ದುಡ್ಡು ಇಸಕೊಳ್ಳುವಾಗ ಹತ್ತಿರ ಬರುತ್ತಿದ್ದ ಕೈ, ನೀರು ಕೊಡುವಾಗ ಮೇಲಕ್ಕೆ ಹೋಗುತ್ತಿತ್ತು. ಮೇಲಿಂದ ಹುಯ್ದ ನೀರನ್ನು ಅವರು ಕುಡಿಯುತ್ತಿರಲಿಲ್ಲ. “ಬಾಯಾರಿಕೆ ಇಲ್ಲ ತಾಯಿ” ಅಂತ ಹೇಳಿ ಬರುತ್ತಿದ್ದರು. ಮೇ ತಿಂಗಳ ಮಧ್ಯಾಹ್ನದಲ್ಲಿ ಬಾಯಾರಿಕೆ ಇಲ್ಲ ಅನ್ನೋದು ಎಂಥ ಪ್ರತಿಭಟನೆ ಅನ್ನೋದು ನಡೆದವರಿಗೇ ಗೊತ್ತು.

ನಾವು ಕಂಡದ್ದು ಖಾಕಿ ಕಳಚಿದ ಮೇಲಿನ ಅವರನ್ನು. ನಮ್ಮ ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಜಾತಿ ಪ್ರಮಾಣಪತ್ರದ ಅರ್ಜಿ ಎಲ್ಲ ಅವರ ಜಗುಲಿಯ ಮೇಲೇ ತುಂಬಿದ್ದು. ತುಂಬಿಸಿ ಸುಮ್ಮನಾಗುತ್ತಿರಲಿಲ್ಲ. ಏನು ಓದುತ್ತೀಯ, ಯಾಕೆ ಓದುತ್ತೀಯ, ನಿನ್ನ ಪುಸ್ತಕದಲ್ಲಿ ನಮ್ಮ ವಿಷಯ ಇದೆಯಾ ಅಂತ ಕೇಳುತ್ತಿದ್ದರು. ಕೊನೇ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಅವರಿಗೆ ಪಿಂಚಣಿ ಬರುತ್ತಿತ್ತು. ಅದು ಯಾರೂ ದಾನ ಕೊಟ್ಟದ್ದಲ್ಲ. 1946ರ ಜುಲೈನಲ್ಲಿ ದೇಶದ ಪೋಸ್ಟ್‌ಮ್ಯಾನ್‌ಗಳು ಚೀಲ ಕೆಳಗಿಟ್ಟು ಮುಷ್ಕರ ಹೂಡಿದ್ದರು. 1968ರ ಸೆಪ್ಟೆಂಬರ್ 19ರಂದು ಕೇಂದ್ರ ನೌಕರರು ಒಂದು ದಿನ ಕೆಲಸ ನಿಲ್ಲಿಸಿದಾಗ ಸರ್ಕಾರ ಲಾಠಿ, ಗುಂಡು, ವಜಾಗಳಿಂದ ಉತ್ತರ ಕೊಟ್ಟಿತು. ಇನ್ನು ಹಳ್ಳಿಗಳಲ್ಲಿ ಟಪಾಲು ಹಂಚುವ ಇ.ಡಿ. ನೌಕರರ ಪಾಡು? ಅವರೂ ಸರ್ಕಾರಿ ಹುದ್ದೆಯಲ್ಲಿರುವವರೇ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈಗ ಅವರ ಹೆಸರು ಗ್ರಾಮೀಣ ಡಾಕ್ ಸೇವಕ್. ಹೆಸರು ಬದಲಾಯಿತು, ಖಾಯಂ ನೌಕರರ ಪಿಂಚಣಿ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ಅವರೂ ಮುಷ್ಕರ ಹೂಡಬೇಕಾಯಿತು. ನೀಲಗಿರಿಯ ಕೂನೂರಿನ ಡಿ. ಶಿವನ್ ಎಂಬ ಪೋಸ್ಟ್‌ಮ್ಯಾನ್ ಆನೆ, ಕರಡಿ ತಿರುಗುವ ಕಾಡಿನಲ್ಲಿ ದಿನಕ್ಕೆ 15 ಕಿಲೋಮೀಟರ್ ನಡೆದು ಟಪಾಲು ಮುಟ್ಟಿಸುತ್ತಿದ್ದರು. 2020ರಲ್ಲಿ ಅವರು ನಿವೃತ್ತರಾದಾಗ ದೇಶವೇ ಹೊಗಳಿತು. ಹೊಗಳಲಿ, ಸಂತೋಷ. ಆದರೆ ಒಬ್ಬನನ್ನು ಹೊಗಳಿ ಉಳಿದವರ ಸಂಬಳ ಮರೆಯುವುದು ಈ ವ್ಯವಸ್ಥೆಗೆ ಹಳೇ ಚಾಳಿ.

2013ರಲ್ಲಿ ತಂತಿ ನಿಂತಿತು. 2015ರಲ್ಲಿ ಹಳೇ ಮನಿಯಾರ್ಡರ್ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ನಾವು ಹಳೇ ಕಾಲಕ್ಕಾಗಿ ಅಳುತ್ತಿಲ್ಲ. ಹಳೇ ಕಾಲ ನಮ್ಮನ್ನು ಜಗುಲಿಯ ಕೆಳಗೆ ನಿಲ್ಲಿಸಿತ್ತು. ಆದರೆ ಈಗ ನಮ್ಮ ಬಗ್ಗೆ ಮತ್ತೆ ಎಲ್ಲರಿಗೂ ಕುತೂಹಲ: ಬೆರಳಚ್ಚು ಕೇಳುತ್ತಾರೆ, ಮೊಬೈಲ್ ನಂಬರು ಕೇಳುತ್ತಾರೆ, ಮಷೀನಿಗೆ ಬೆರಳು ಹೊಂದದಿದ್ದರೆ ಮುದುಕಿಯ ರೇಷನ್ ನಿಲ್ಲುತ್ತದೆ. ಕೇಳುವುದರ ಹಿಂದೆ ಕೊಡುವ ಮನಸ್ಸು ಇಲ್ಲದಿದ್ದರೆ ಅದು ಚಿಕ್ಕದೇವರಾಜನ ಅಂಚೆಯೇ ಸರಿ.

ಗೆಳೆಯರೇ, ಆ ಡೈರಿ ಈಗ ಇಲ್ಲ. ಮನೆ ಒಡೆದು ಕಟ್ಟುವಾಗ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಯಿತು. ಆದರೆ ನಿಮ್ಮ ಊರಿನಲ್ಲಿ ಇನ್ನೂ ಒಬ್ಬ ಅಂಚೆಯಪ್ಪ ಇರಬಹುದು. ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ಈ ಭಾನುವಾರ ಅವರ ಮನೆಗೆ ಹೋಗಿ. ಯಾವ ದಾರಿಯಲ್ಲಿ ನಡೆದರು, ಯಾವ ಬಾಗಿಲಲ್ಲಿ ನಿಲ್ಲಿಸಿದರು, ಯಾರಿಗೆ ಓದಿ ಹೇಳಿದರು, ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ದೊರೆಗಳ ಓಲೆ ಬೇಕಾದಷ್ಟು ಅಚ್ಚಾಗಿವೆ.