ರೋಮನರ ಸೋದರರು

ಇಂದಿನ ಫ್ರಾನ್ಸ್ ದೇಶವನ್ನು ರೋಮನರು ಗಾಲ್ ಎಂದು ಕರೆಯುತ್ತಿದ್ದರು. ಅಲ್ಲಿ ಸೋನ್ ಮತ್ತು ಲ್ವಾರ್ ನದಿಗಳ ನಡುವೆ ನೆಲಸಿದ್ದ ಈಡುಯಿ ಎಂಬ ಕೆಲ್ಟ್ ಕುಲದವರನ್ನು ರೋಮಿನ ಸೆನೆಟ್ ಸಭೆಯು ಸೋದರರೆಂದೂ ರಕ್ತಸಂಬಂಧಿಗಳೆಂದೂ ಮನ್ನಿಸಿದ್ದಿತು. ಆದರೆ ಬಿರುದಿಗೆ ತಕ್ಕ ನೆರವು ವೇಳೆಗೆ ಒದಗಲಿಲ್ಲ. ನೆರೆಯ ಸೆಕ್ವಾನಿಗಳು ಜರ್ಮನರ ದೊರೆಯಾದ ಅರಿಯೊವಿಸ್ತಸನನ್ನು ಕರೆತಂದು ಇವರನ್ನು ಸೋಲಿಸಿ, ಕುಲೀನರ ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದರು. ಆಗ ಮುಖಂಡನಾದ ದಿವಿಕಿಯಾಕಸನು ರೋಮಿಗೆ ಹೋಗಿ ಮೊರೆಯಿಟ್ಟು, ಬರಿಗೈಯಲ್ಲಿ ಹಿಂದಿರುಗಿದನು. ಈತನು ಡ್ರೂಯಿಡ್, ಎಂದರೆ ಪುರೋಹಿತವರ್ಗದವನು, ಸಿಸಿರೋವಿಗೆ ಪರಿಚಿತನು.

ಕ್ರಿ. ಪೂ. 58ರಲ್ಲಿ ಸೀಸರನು ಬಂದು ಅರಿಯೊವಿಸ್ತಸನನ್ನು ಓಡಿಸಿದನು. ಬಂದ ನೆಂಟನು ಮಾತ್ರ ಮರಳಲಿಲ್ಲ. ಅವನ ದಂಡಿಗೆ ದವಸವನ್ನೂ ಕುದುರೆಸವಾರರನ್ನೂ ಒದಗಿಸುವ ಹೊರೆ ಈಡುಯಿಗಳ ಮೇಲೆ ಬಿದ್ದಿತು. ದಿವಿಕಿಯಾಕಸನ ತಮ್ಮ ಡಮ್ನೊರಿಕ್ಸನು ಮೊದಲಿನಿಂದಲೂ ರೋಮನರ ವಿರೋಧಿ. ಅವನೇನೂ ಸಾಧುಪುರುಷನಲ್ಲ, ಸುಂಕದ ಗುತ್ತಿಗೆಯಿಂದ ಹಣ ಕೂಡಿಸಿ ಅರಸನಾಗಲು ಹವಣಿಸಿದವನು. ಒಮ್ಮೆ ಅಣ್ಣನ ಕಣ್ಣೀರೇ ಅವನನ್ನು ಸೀಸರನ ಕೋಪದಿಂದ ಉಳಿಸಿದ್ದಿತು. ಕ್ರಿ. ಪೂ. 54ರಲ್ಲಿ ಅವನು ಬ್ರಿಟನ್ನಿನ ದಂಡಯಾತ್ರೆಗೆ ಒಲ್ಲದೆ ಪಾಳೆಯವನ್ನು ಬಿಟ್ಟು ಹೊರಟಾಗ, ಸೀಸರನ ಸವಾರರು ಬೆನ್ನಟ್ಟಿ ಕೊಂದರು. ತಾನು ಸ್ವತಂತ್ರನು, ತನ್ನ ನಾಡೂ ಸ್ವತಂತ್ರವೆಂದು ಅವನು ಮತ್ತೆ ಮತ್ತೆ ಕೂಗಿದನೆಂದು ಬರೆದಿಟ್ಟವನು ಸ್ವತಃ ಸೀಸರನೇ. ಶತ್ರುವಿನ ಲೇಖನಿಯಿಂದ ಬಂದ ಸಾಕ್ಷ್ಯವೆಂದು ಇದಕ್ಕೆ ಬೆಲೆ ಹೆಚ್ಚು.

ಕ್ರಿ. ಪೂ. 52ರಲ್ಲಿ ಈಡುಯಿಗಳೂ ವರ್ಸಿಂಜೆಟೊರಿಕ್ಸನ ದಂಗೆಯನ್ನು ಸೇರಿ ಅಲೇಸಿಯಾದಲ್ಲಿ ಸೋತರು. ಸೀಸರನು ಅವರ ಸೆರೆಯಾಳುಗಳನ್ನು ಬಿಟ್ಟುಕೊಟ್ಟು ಹಳೆಯ ನಂಟನ್ನು ಬೆಸೆದನು. ಕ್ರಿ. ಶ. 48ರಲ್ಲಿ, ಕ್ಲಾಡಿಯಸ್ ಚಕ್ರವರ್ತಿಯು ಸೆನೆಟಿನಲ್ಲಿ ಮಾತನಾಡಿದ ಮೇಲೆ, ಆ ಸಭೆಯಲ್ಲಿ ಕುಳ್ಳಿರುವ ಹಕ್ಕು ಉತ್ತರದ ಗಾಲರಲ್ಲಿ ಮೊದಲು ಈಡುಯಿಗಳಿಗೇ ದೊರೆಯಿತು. ಆ ವೇಳೆಗೆ ಬೆಟ್ಟದ ಮೇಲಣ ಅವರ ರಾಜಧಾನಿ ಬಿಬ್ರಾಕ್ಟೆಯನ್ನು ತೊರೆದು, ಜನರು ಅಗಸ್ಟಸನ ಹೆಸರು ಹೊತ್ತ ಹೊಸ ಪಟ್ಟಣಕ್ಕೆ ಇಳಿದುಹೋಗಿದ್ದರು.