ನಾಲ್ವರು ಅಶ್ವಾರೋಹಿಗಳು: 1924ರ ನೋಟರ್ ಡೇಮ್ ಫುಟ್‌ಬಾಲ್ ಋತು ಮತ್ತು ಐತಿಹ್ಯದ ನಿರ್ಮಾಣ

ಐತಿಹ್ಯವೊಂದು ರೂಪುಗೊಳ್ಳಲು ತಲೆಮಾರುಗಳೇ ಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಪತ್ರಿಕೆ, ಛಾಯಾಚಿತ್ರ ಮತ್ತು ತಂತಿವಾರ್ತೆಗಳು ಕೂಡಿದಲ್ಲಿ ಕೆಲವು ದಿನಗಳೇ ಸಾಕಾಗಬಹುದು. ಅಮೆರಿಕದ ಇಂಡಿಯಾನ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 1924ರ ಋತು ಇದಕ್ಕೆ ಉತ್ತಮ ನಿದರ್ಶನ. ಆ ಋತುವಿನಲ್ಲಿ ಆಡಿದ ಹತ್ತೂ ಪಂದ್ಯಗಳನ್ನು ಗೆದ್ದ ತಂಡವು ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಆ ಗೆಲುವಿನ ಕಥನವು ಯಾರನ್ನು ನೆನಪಿನಲ್ಲಿ ಉಳಿಸಿತು, ಯಾರನ್ನು ಬದಿಗೆ ಸರಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಅಮೆರಿಕನ್ ಆಟ. ಏಳು ಮಂದಿ ಮುಂದೆ ನಿಂತು ಮೈಯೊಡ್ಡಿ ದಾರಿ ಬಿಡಿಸುತ್ತಾರೆ. ಹಿಂದಿನ ನಾಲ್ವರು ಚೆಂಡನ್ನು ಒಯ್ಯುತ್ತಾರೆ. ಮುಂದಿನ ಚರ್ಚೆಗೆ ಈ ಶ್ರಮವಿಭಜನೆ ಮುಖ್ಯವಾದುದು.

ನೋಟರ್ ಡೇಮ್ 1842ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಸ್ಥಾಪಿಸಿದ ಸಂಸ್ಥೆ. ವಲಸೆ ಬಂದ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳಿಗೆ ಅದು ಉನ್ನತ ಶಿಕ್ಷಣದ ಹೆಬ್ಬಾಗಿಲಾಗಿತ್ತು. ಅದೇ ಇಂಡಿಯಾನದಲ್ಲಿ 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಪ್ರಬಲವಾಗಿತ್ತು. ಕರಿಯ ಜನಾಂಗದ ಮೇಲಿದ್ದ ಅದರ ದ್ವೇಷ ಯೆಹೂದ್ಯರು, ಕ್ಯಾಥೊಲಿಕರು ಮತ್ತು ವಲಸಿಗರತ್ತಲೂ ಚಾಚಿತ್ತು. 1924ರ ಮೇ 17ರಂದು ಕ್ಲಾನ್ ಸದಸ್ಯರು ಸೌತ್ ಬೆಂಡ್ ಪಟ್ಟಣದಲ್ಲಿ ಸೇರಿದಾಗ ವಿದ್ಯಾರ್ಥಿಗಳು ಬೀದಿಗಿಳಿದು ಅವರ ಬಿಳಿಯ ನಿಲುವಂಗಿಗಳನ್ನು ಕಿತ್ತುಕೊಂಡರು. ಕ್ಲಾನ್ ಕಚೇರಿಯ ಕಿಟಕಿಯಲ್ಲಿ ಉರಿಯುತ್ತಿದ್ದ ವಿದ್ಯುತ್ ದೀಪದ ಶಿಲುಬೆಗೆ ಆಲೂಗಡ್ಡೆ ಎಸೆದು ಆರಿಸಿದ ಕಥೆಯು ಇಂದಿಗೂ ಪ್ರಚಲಿತವಾಗಿದೆ. ಘರ್ಷಣೆ ಬೆಳೆಯದಂತೆ ತಡೆದವರು ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಮ್ಯಾಥ್ಯೂ ವಾಲ್ಶ್. ಆದರೆ ಅದೇ ನವೆಂಬರಿನಲ್ಲಿ ಕ್ಲಾನ್ ಬೆಂಬಲಿತ ಎಡ್ ಜಾಕ್ಸನ್ ರಾಜ್ಯದ ಗವರ್ನರ್ ಆಗಿ ಚುನಾಯಿತನಾದನು. ಬೀದಿಯಲ್ಲಿ ತಡೆದ ಶಕ್ತಿ ಮತಪೆಟ್ಟಿಗೆಯಲ್ಲಿ ಗೆದ್ದಿತ್ತು.

ಈ ಎರಡು ಘಟನೆಗಳ ನಡುವೆ ಫುಟ್‌ಬಾಲ್ ಋತು ನಡೆಯಿತು. ತಂಡದ ತರಬೇತುದಾರ ನೂಟ್ ರಾಕ್ನಿ ಐರಿಷ್ ಮೂಲದವನಲ್ಲ. ನಾರ್ವೆಯಲ್ಲಿ ಹುಟ್ಟಿದ ಲೂಥರನ್. ಅವನು ಕ್ಯಾಥೊಲಿಕನಾದದ್ದು 1925ರಲ್ಲಿ. ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ತಂಡವು ಸೇನಾ ಅಕಾಡೆಮಿಯನ್ನು 13-7ರಿಂದ ಸೋಲಿಸಿತು. ಪತ್ರಕರ್ತ ಗ್ರಾಂಟ್‌ಲ್ಯಾಂಡ್ ರೈಸ್ ತನ್ನ ವರದಿಯಲ್ಲಿ ಹಿಂಬದಿಯ ಸ್ಟುಲ್‌ಡ್ರೆಯರ್, ಕ್ರೌಲಿ, ಮಿಲ್ಲರ್ ಮತ್ತು ಲೇಡನ್ ಅವರನ್ನು ಬೈಬಲಿನ 'ನಾಲ್ವರು ಅಶ್ವಾರೋಹಿ'ಗಳಿಗೆ ಹೋಲಿಸಿದನು. ತಂಡದ ಪ್ರಚಾರ ಸಹಾಯಕನಾಗಿದ್ದ ವಿದ್ಯಾರ್ಥಿ ಜಾರ್ಜ್ ಸ್ಟ್ರಿಕ್ಲರ್ ಊರಿಗೆ ಮರಳಿದೊಡನೆ ಆ ನಾಲ್ವರನ್ನೂ ಕುದುರೆಗಳ ಮೇಲೆ ಕೂರಿಸಿ ಛಾಯಾಚಿತ್ರ ತೆಗೆಸಿದನು. ಅದು ದೇಶದ ಪತ್ರಿಕೆಗಳಲ್ಲೆಲ್ಲ ಹರಡಿತು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಬೈಬಲಿನ ಅಶ್ವಾರೋಹಿಗಳು ಯುದ್ಧ, ಕ್ಷಾಮ, ಮರಣಗಳನ್ನು ತರುವವರು. ಆಟದ ಐತಿಹ್ಯವು ಆ ಭೀಕರ ಆಶಯವನ್ನು ತಿರುಗಿಸಿ, 75 ಕಿಲೋಗ್ರಾಂ ತೂಕವನ್ನೂ ಮೀರದ ನಾಲ್ವರು ಯುವಕರನ್ನು ವೀರರನ್ನಾಗಿಸಿತು. ಎರಡನೆಯದಾಗಿ, ಮುಸುಕುಧಾರಿ ಕುದುರೆ ಸವಾರನು ಕ್ಲಾನ್ ಪ್ರಚಾರದ ಪ್ರಮುಖ ಪ್ರತೀಕವಾಗಿದ್ದನು. ಸ್ಟ್ರಿಕ್ಲರ್ ಉದ್ದೇಶಿಸಿದ್ದು ತಂಡದ ಪ್ರಚಾರವನ್ನಷ್ಟೆ. ಆದರೂ ಮುಸುಕಿಲ್ಲದೆ ಮುಖ ತೋರಿಸುತ್ತ ಕುದುರೆಯೇರಿದ ಕ್ಯಾಥೊಲಿಕ್ ಯುವಕರು ಆ ವರ್ಷ ದೇಶದ ಕಣ್ಣಿಗೆ ಬಿದ್ದುದು ಅರ್ಥಪೂರ್ಣ.

1922 ಮತ್ತು 1923ರಲ್ಲಿ ತಂಡವನ್ನು ಸೋಲಿಸಿದ್ದ ಏಕೈಕ ಎದುರಾಳಿ ನೆಬ್ರಾಸ್ಕ. 1924ರಲ್ಲಿ ಅದರ ಮೇಲೆ 34-6ರ ಗೆಲುವು ದೊರೆಯಿತು. 1925ರ ಜನವರಿ 1ರಂದು ಕ್ಯಾಲಿಫೋರ್ನಿಯದ ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ತಂಡ 27-10ರಿಂದ ಸೋತಿತು. ಎದುರಾಳಿಗಳ ಎಸೆತವನ್ನು ನಡುವೆಯೇ ಹಿಡಿದು ಲೇಡನ್ ಎರಡು ಬಾರಿ ಅಂಕ ಗಳಿಸಿದನು. ಆದರೆ ಚಾಂಪಿಯನ್ ಯಾರೆಂದು ಮೈದಾನದಲ್ಲೇ ನಿರ್ಣಯಿಸುವ ಪಂದ್ಯಾವಳಿ ಆಗ ಇರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ಡಿಕಿನ್ಸನ್ 1926ರಲ್ಲಿ ತಂಡಗಳಿಗೆ ಸ್ಥಾನ ನೀಡುವ ಗಣಿತ ಕ್ರಮವನ್ನು ಪ್ರಕಟಿಸಿದಾಗ, ರಾಕ್ನಿಯ ಒತ್ತಾಸೆಯಿಂದ ಅದು 1924ಕ್ಕೂ ಅನ್ವಯವಾಯಿತು. ಗೆಲುವು ಆಟದ್ದು, ಪಟ್ಟ ಮಾತ್ರ ತಡವಾಗಿ ಬರೆದ ವಂಶಾವಳಿಯಂತೆ ಹಿಂದಿನಿಂದ ಬಂದಿತು.

ನಾಲ್ವರ ಹೆಸರು ಮನೆಮಾತಾದಾಗ ಅವರಿಗೆ ದಾರಿ ಬಿಡಿಸಿದ ಏಳು ಮಂದಿಗೆ ದೊರೆತದ್ದು 'ಏಳು ಹೇಸರಗತ್ತೆಗಳು' ಎಂಬ ಅಡ್ಡಹೆಸರು. ತಂಡದ ನಾಯಕ ಆಡಂ ವಾಲ್ಶ್ ಕೂಡ ಈ ಏಳರಲ್ಲಿ ಒಬ್ಬನು. ನಾಯಕನೇ ಹೇಸರಗತ್ತೆಯಾದುದು ಐತಿಹ್ಯದ ಆಯ್ಕೆಯನ್ನು ಸ್ಪಷ್ಟಪಡಿಸುತ್ತದೆ: ಅದು ಓಡುವವನನ್ನು ಹಾಡುತ್ತದೆ, ಹೊರುವವನನ್ನಲ್ಲ.

ಇನ್ನೂ ಒಂದು ಗೈರುಹಾಜರಿ ಈ ಚಿತ್ರದಲ್ಲಿದೆ. ಕ್ಲಾನ್‌ನ ಕ್ರೌರ್ಯಕ್ಕೆ ಎಲ್ಲರಿಗಿಂತ ಹೆಚ್ಚು ತುತ್ತಾದ ಕರಿಯ ಜನಾಂಗದ ವಿದ್ಯಾರ್ಥಿಗಳಿಗೆ ನೋಟರ್ ಡೇಮ್ ತನ್ನ ಬಾಗಿಲು ತೆರೆದದ್ದು 1944ರಲ್ಲಿ. ಅಪಮಾನಿತ ಸಮುದಾಯವೊಂದರ ವಿಜಯಗಾಥೆಯು ಅದಕ್ಕಿಂತ ಕೆಳಕ್ಕೆ ತಳ್ಳಲ್ಪಟ್ಟವರನ್ನು ಹೊರಗಿಟ್ಟೇ ಬೆಳೆಯಬಲ್ಲುದು.

ಇಂಡಿಯಾನದಲ್ಲಿ ಕ್ಲಾನ್ ಕುಸಿದದ್ದು ಫುಟ್‌ಬಾಲಿನಿಂದಲ್ಲ; ಅದರ ಮುಖಂಡ ಡಿ. ಸಿ. ಸ್ಟೀಫನ್‌ಸನ್ 1925ರಲ್ಲಿ ಕೊಲೆ ಪ್ರಕರಣದಲ್ಲಿ ಶಿಕ್ಷೆಗೊಳಗಾದುದು ಅದಕ್ಕೆ ನೇರ ಕಾರಣ. ಆಟವು ಮಾಡಿದ ಕೆಲಸ ಬೇರೆ. ಮೂದಲಿಕೆಯಾಗಿಯೂ ಕೇಳಿಬರುತ್ತಿದ್ದ 'ಕಾದಾಡುವ ಐರಿಷರು' ಎಂಬ ಹೆಸರನ್ನು 1927ರಲ್ಲಿ ಫಾದರ್ ವಾಲ್ಶ್ ಅಧಿಕೃತವಾಗಿ ಅಂಗೀಕರಿಸಿದರು. ಬಯ್ಗುಳವನ್ನು ಬಿರುದಾಗಿಸಿಕೊಳ್ಳುವ ಈ ಕ್ರಿಯೆಯಲ್ಲಿಯೇ 1924ರ ಋತುವಿನ ನಿಜವಾದ ಸಾಧನೆಯಿದೆ. ಅಂಕಪಟ್ಟಿಯಷ್ಟನ್ನೇ ನೋಡುವವರಿಗೆ ಅದು ಕಾಣಿಸದು.