ಕಪ್ಪು ಬೆಲ್ಟು ಎಲ್ಲಿಂದ ಬಂತು?

ಮಕ್ಕಳನ್ನು ಟೇಕ್ವಾಂಡೋ ತರಗತಿಗೆ ಸೇರಿಸಿದವರ ಕಿವಿಗೆ ಒಂದು ಕತೆ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಹಿಂದೆ ಎಲ್ಲರಿಗೂ ಒಂದೇ ಬಿಳಿ ಪಟ್ಟಿ ಇತ್ತಂತೆ. ಅದನ್ನು ಒಗೆಯುವಂತಿರಲಿಲ್ಲವಂತೆ. ಬೆವರು, ಮಣ್ಣು, ಹುಲ್ಲಿನ ಕಲೆ ಹಿಡಿದು ಅದು ಹಳದಿಯಾಗಿ, ಹಸಿರಾಗಿ, ಕೊನೆಗೆ ಕಪ್ಪಾಗುವಷ್ಟರಲ್ಲಿ ಶಿಷ್ಯ ಗುರುವಾಗಿರುತ್ತಿದ್ದನಂತೆ. ಕತೆ ಸೊಗಸಾಗಿದೆ, ಆದರೆ ಆಧಾರವಿಲ್ಲ. ಪುಣೆಯಲ್ಲಿ ಮಗಳ ಬೆಲ್ಟ್ ಪರೀಕ್ಷೆಗಳಿಗೆಂದು ಗೋಡೆಗೊರಗಿ ಗಂಟೆಗಟ್ಟಲೆ ಕೂತ ನನಗೆ, ಈ ಬಣ್ಣಗಳ ನಿಜವಾದ ಇತಿಹಾಸ ಹುಡುಕುವ ಹುಚ್ಚು ಹಿಡಿಯಿತು. ಹುಡುಕುತ್ತಾ ಹೋದರೆ ದಾರಿ ಕೊರಿಯಾದಿಂದ ಜಪಾನಿಗೆ, ಅಲ್ಲಿಂದ ಕುಸ್ತಿ ಕಣ ಬಿಟ್ಟು ಒಂದು ಮಣೆಯಾಟಕ್ಕೆ ಕರೆದೊಯ್ದಿತು.

ಆ ಆಟದ ಹೆಸರು 'ಗೋ'. ಕಪ್ಪು ಬಿಳಿ ಕಾಯಿಗಳ ಈ ಆಟದಲ್ಲಿ ಆಟಗಾರರನ್ನು 'ಡಾನ್' ಎಂಬ ಮೆಟ್ಟಿಲುಗಳಲ್ಲಿ ಅಳೆಯುವ ಪದ್ಧತಿ ಹದಿನೇಳನೆಯ ಶತಮಾನದ ಜಪಾನಿನಲ್ಲಿ ನೆಲೆಗೊಂಡಿತು. 1882ರಲ್ಲಿ ಟೋಕಿಯೋದಲ್ಲಿ ಜೂಡೋ ಶಾಲೆ ತೆರೆದ ಕಾನೋ ಜಿಗೊರೋ ವೃತ್ತಿಯಿಂದ ಶಿಕ್ಷಣತಜ್ಞ. ಆತ ಈ ಮೆಟ್ಟಿಲುಗಳನ್ನು ತನ್ನ ಶಾಲೆಗೆ ತಂದು, 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟ. ಡಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಶುರುವಾದದ್ದು 1886ರ ಸುಮಾರಿಗೆ. ಓಕಿನಾವಾದಿಂದ ಟೋಕಿಯೋಗೆ ಕರಾಟೆ ತಂದ ಫುನಕೋಶಿ ಗಿಚಿನ್ 1924ರಲ್ಲಿ ಅದೇ ಕ್ರಮವನ್ನು ತನ್ನ ಶಿಷ್ಯರಿಗೂ ಅನ್ವಯಿಸಿದ. ನಡುವಿನ ಬಣ್ಣಗಳು ಹೆಚ್ಚಾಗಿ ಯುರೋಪಿನ ಜೂಡೋ ಶಾಲೆಗಳಲ್ಲಿ ಬೆಳೆದವು.

ಇಲ್ಲಿಗೆ ಕೊರಿಯಾದ ಕತೆ ಸೇರಿಕೊಳ್ಳುತ್ತದೆ, ಅದೂ ನೋವಿನ ದಾರಿಯಿಂದ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಓದಲು ಜಪಾನಿಗೆ ಹೋದ ಕೊರಿಯನ್ ಯುವಕರಲ್ಲಿ ಕೆಲವರು ಅಲ್ಲಿ ಕರಾಟೆ ಕಲಿತರು. ಫುನಕೋಶಿಯ ಬಳಿ ಕಲಿತ ಲೀ ವೋನ್ ಕುಕ್ 1944ರಲ್ಲಿ ಸೋಲ್‌ನಲ್ಲಿ 'ಚಂಗ್ ದೋ ಕ್ವಾನ್' ಎಂಬ ಶಾಲೆ ತೆರೆದ. ಸ್ವಾತಂತ್ರ್ಯ ಬಂದ ಮೇಲೆ ಇಂಥ 'ಕ್ವಾನ್'ಗಳು ಒಂದರ ಹಿಂದೊಂದು ಎದ್ದವು. ಕಲಿಸುವ ವರಸೆಗಳು ಬಹುಮಟ್ಟಿಗೆ ಕರಾಟೆಯವೇ. ದರ್ಜೆಯ ಹೆಸರುಗಳೂ ಅವೇ: ಜಪಾನೀಯರು 'ಕ್ಯು' ಎಂದು ಓದುವ ಚೀನೀ ಅಕ್ಷರವನ್ನು ಕೊರಿಯನ್ನರು 'ಕುಪ್' ಎಂದು ಓದಿದರು. 'ಡಾನ್' ಡಾನ್ ಆಗಿಯೇ ಉಳಿಯಿತು.

ತೊಂದರೆಯೆಂದರೆ ಪ್ರತಿ ಕ್ವಾನ್ ತನ್ನದೇ ಡಾನ್ ಕೊಡುತ್ತಿತ್ತು. ಒಬ್ಬರ ಮೂರನೆಯ ಡಾನ್ ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಬದಲು ಪ್ರತಿ ಮೇಷ್ಟರೂ ತಮ್ಮದೇ 'ವಿದ್ವಾನ್' ಪಟ್ಟ ಕೊಡುತ್ತಿದ್ದರೆ ಹೇಗಿರುತ್ತಿತ್ತೋ ಹಾಗೆ. 1955ರಲ್ಲಿ 'ಟೇಕ್ವಾಂಡೋ' ಎಂಬ ಹೆಸರು ಮುಂದಿಟ್ಟವರು ಸೇನಾಧಿಕಾರಿ ಚೋಯ್ ಹಾಂಗ್ ಹೀ. ಹೆಸರು ಒಂದಾದರೂ ಮನಸ್ಸು ಒಂದಾಗಲಿಲ್ಲ. ಚೋಯ್ 1966ರಲ್ಲಿ ಅಂತಾರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟ ಕಟ್ಟಿದರು, 1972ರಲ್ಲಿ ಕೊರಿಯಾ ಬಿಟ್ಟು ಕೆನಡಾ ಸೇರಿದರು. ಅದೇ ವರ್ಷ ಸೋಲ್‌ನಲ್ಲಿ ಕುಕ್ಕಿವೋನ್ ಕಟ್ಟಡ ತೆರೆಯಿತು. ಮರುವರ್ಷ ವಿಶ್ವ ಒಕ್ಕೂಟ ಹುಟ್ಟಿತು. ಪರೀಕ್ಷೆ ಯಾರು ಮಾಡಬೇಕು, ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಇರಬೇಕು ಎಂಬ ಜಗಳ ಈ ಎರಡು ಕವಲುಗಳಲ್ಲಿ ಇಂದಿಗೂ ಕಾಣುತ್ತದೆ.

ಹಳೆಯ ಕರಾಟೆ ವರಸೆಗಳ ಜಾಗಕ್ಕೆ ಎರಡೂ ಕಡೆ ಹೊಸವು ಬಂದವು. ಕುಕ್ಕಿವೋನ್ ದಾರಿಯಲ್ಲಿ ಅವು ಎಂಟು 'ತೇಗುಕ್'ಗಳು: ಸ್ವರ್ಗ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ, ಭೂಮಿ. ಚೋಯ್ ಕವಲಿನಲ್ಲಿ ಬಣ್ಣಗಳಿಗೂ ಅರ್ಥ ಬಂತು: ಹಳದಿ ಎಂದರೆ ಬೀಜ ಬೇರೂರುವ ಮಣ್ಣು, ಹಸಿರು ಎಂದರೆ ಚಿಗುರು, ನೀಲಿ ಎಂದರೆ ಗಿಡ ಚಾಚುವ ಆಕಾಶ, ಕೆಂಪು ಎಂದರೆ ಎಚ್ಚರಿಕೆ. ತರಗತಿಗಳಲ್ಲಿ ಇದನ್ನೇ ಪ್ರಾಚೀನ ಜ್ಞಾನ ಎಂದು ಹೇಳಿಕೊಡುವುದುಂಟು. ಇದು ನಮ್ಮ ಅಪ್ಪ ಅಮ್ಮಂದಿರಿಗಿಂತ ಬಹಳ ಹಳೆಯದೇನಲ್ಲ.

ಇಂದಿನ ಪರೀಕ್ಷೆಯಲ್ಲಿ ಈ ಇತಿಹಾಸವೆಲ್ಲ ಪದರ ಪದರವಾಗಿ ಉಳಿದಿದೆ. ಹತ್ತನೆಯ ಕುಪ್‌ನಿಂದ ಒಂದನೆಯ ಕುಪ್‌ವರೆಗೆ ಎಣಿಕೆ ಇಳಿಯುತ್ತದೆ. ಅಷ್ಟರವರೆಗೆ ಪರೀಕ್ಷಕರು ಸಾಮಾನ್ಯವಾಗಿ ಕಲಿಸಿದ ಗುರುವೇ, ಹಳೆಯ ಕ್ವಾನ್‌ಗಳ ಹಾಗೆ. ಆ ದರ್ಜೆಗೆ ನಿಗದಿಯಾದ ವರಸೆ, ಒದೆತಗಳು, ಎದುರಾಳಿಯೊಡನೆ ಸೆಣಸು, ಕೆಲವೆಡೆ ಹಲಗೆ ಮುರಿಯುವುದು, ಒಂದಿಷ್ಟು ಕೊರಿಯನ್ ಪದಗಳು. ಡಾನ್‌ಗೆ ಬಂದಾಗ ಗುರುವಿನ ಮಾತೊಂದೇ ಸಾಲದು. ಆತನ ಶಿಫಾರಸಿನ ಮೇಲೆ ಸೋಲ್‌ನಿಂದ ಸಂಖ್ಯೆಯುಳ್ಳ ಪ್ರಮಾಣಪತ್ರ ಬರಬೇಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಡಾನ್ ಬದಲು 'ಪೂಮ್', ಅರ್ಧ ಕೆಂಪು ಅರ್ಧ ಕಪ್ಪು ಪಟ್ಟಿ.

ಪುರಾಣ ಬಿದ್ದುಹೋದರೆ ಬೆಲ್ಟಿನ ಬೆಲೆ ಇಳಿಯುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಆಳಿದವರ ಏಣಿಯನ್ನೇ ಎತ್ತಿಕೊಂಡು, ತಮ್ಮ ನುಡಿಯಲ್ಲಿ ಮೆಟ್ಟಿಲುಗಳಿಗೆ ಹೆಸರಿಟ್ಟು, 2000ದ ಸಿಡ್ನಿ ಒಲಿಂಪಿಕ್ಸ್‌ನ ಪದಕದವರೆಗೆ ಏರಿದ ಜನರ ಕತೆ, ಒಗೆಯದ ಪಟ್ಟಿಯ ಕತೆಗಿಂತ ದೊಡ್ಡದು. ಪೋಷಕರಿಗೆ ಇದರಿಂದ ಒಂದು ಉಪಯೋಗವೂ ಇದೆ. 'ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ' ಎಂಬ ಫಲಕ ಕಂಡರೆ, ಆ ಪಟ್ಟಿಯ ಹಿಂದೆ ಯಾರ ಮುದ್ರೆ ಇದೆ ಎಂದು ಕೇಳಬಹುದು.

ಮಕ್ಕಳಿಗೆ ಇನ್ನೊಂದು ಲೆಕ್ಕವನ್ನೂ ಹೇಳಬಹುದು. ಕುಕ್ಕಿವೋನ್ ನಿಯಮದಲ್ಲಿ ಒಂದನೆಯ ಡಾನ್‌ನಿಂದ ಎರಡಕ್ಕೆ ಕನಿಷ್ಠ ಒಂದು ವರ್ಷ ಕಾಯಬೇಕು, ಎರಡರಿಂದ ಮೂರಕ್ಕೆ ಎರಡು, ಮೂರರಿಂದ ನಾಲ್ಕಕ್ಕೆ ಮೂರು. ಎಂಟರಿಂದ ಒಂಬತ್ತಕ್ಕೆ ಒಂಬತ್ತು ವರ್ಷ. ಅಷ್ಟೂ ಕಾಲ ಸೊಂಟದ ಪಟ್ಟಿ ಕಪ್ಪಾಗಿಯೇ ಇರುತ್ತದೆ.